ಹೆಸರು ಹಳೆಯದು, ಯಂತ್ರ ಹೊಸದು

(ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಮೋಟಾರ್‌ಸೈಕಲಿನ ಮೇಲೆ ಭಾಷಣವಂತೆ ಎಂದು ಬೋರ್ಡು ನೋಡಿ ಕೆಲವರು ನಕ್ಕರೆಂದು ಕೇಳಿದೆವು. ಹೋಟೆಲಿನ ಅಡಿಗೆಮನೆಯಲ್ಲಿ ಬೇಯುವವರಿಗೂ, ಗಿರಣಿಯ ಮಗ್ಗಗಳ ನಡುವೆ ಆಯುಷ್ಯ ಸವೆಸಿದವರಿಗೂ ಫಟಫಟಿಯ ಉಸಾಬರಿ ಏತಕ್ಕೆ? ಪ್ರಶ್ನೆ ಸರಿಯಾದದ್ದೇ. ನಾವೂ ಮೊದಲು ಹಾಗೆಯೇ ಅಂದುಕೊಂಡಿದ್ದೆವು. ಆಂಧ್ರದ ಒಂದು ರಸ್ತೆಬದಿಯಲ್ಲಿ ನಡೆದ ಒಂದು ಚಿಕ್ಕ ಮಾತುಕತೆಯಿಂದ ಈ ವಿಷಯ ತಲೆಯನ್ನು ಹೊಕ್ಕಿತು. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕಳೆದ ಚಳಿಗಾಲದಲ್ಲಿ ಕೆಲಸದ ಮೇಲೆ ಬೆಜವಾಡಕ್ಕೆ, ಎಂದರೆ ಈಗಿನ ವಿಜಯವಾಡಕ್ಕೆ ಹೋಗಬೇಕಾಯಿತು. ಅಲ್ಲಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಸ್ವಲ್ಪ ದೂರ ಹೋದರೆ ಇಬ್ರಾಹಿಂಪಟ್ನಂ ಎಂಬ ಊರು. ವಿದ್ಯುತ್ ಕೇಂದ್ರದ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಭದ್ರಾಚಲದ ಕಡೆಗೆ ಹೋಗುವ ರಸ್ತೆ ಅಲ್ಲಿಯೇ ಕವಲೊಡೆಯುತ್ತದೆ. ಆ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದೆವು. ಪಕ್ಕದಲ್ಲೊಂದು ರಿಪೇರಿ ಅಂಗಡಿ. ಅದರ ಮುಂದೆ ಬಣ್ಣ ಉದುರಿದ ಹಳೆಯ ಗಾಡಿ, ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ನಮಗೆ ತಟ್ಟನೆ ಗುರುತು ಹತ್ತಿತು. ಅಂಗಡಿಯವನು ನಮ್ಮ ನೋಟ ಕಂಡು, "ಇದಿ ಮೈಸೂರು ಬಂಡಿ ಸಾರ್" ಎಂದ. ನಾವೂ ಆ ನಾಡಿನವರೇ ಎಂದಾಗ ಅವನ ಮುಖ ಅರಳಿತು. ಒಳಗೆ ನಿಂತಿದ್ದ ಇನ್ನೊಂದು ಗಾಡಿಯನ್ನು ತೋರಿಸಿದ. ಹೊಚ್ಚ ಹೊಸದು, ಟ್ಯಾಂಕಿನ ಮೇಲೆ ಅದೇ ಹೆಸರು, ಯೆಜ್ಡಿ. "ಇದೂ ಯೆಜ್ಡಿಯೇ. ಆದರೆ ಬೇರೆ. ಅದರ ಒಂದು ಬೋಲ್ಟೂ ಇದಕ್ಕೆ ಕೂಡುವುದಿಲ್ಲ" ಎಂದು ತೆಲುಗಿನಲ್ಲಿ ಹೇಳಿ ಕೈಯೊರೆಸಿಕೊಂಡ.

ಒಂದು ಬೋಲ್ಟೂ ಕೂಡದ ಎರಡು ಯಂತ್ರಗಳಿಗೆ ಒಂದೇ ಹೆಸರು ಹೇಗೆ? ಹಾಗಾದರೆ ಹೆಸರಿನ ಹಿಂದೆ ಉಳಿದು ಬಂದದ್ದೇನು? ಬಸ್ಸು ಬರುವವರೆಗೂ, ಬಂದ ಮೇಲೂ, ನಮಗೆ ಇದೇ ಯೋಚನೆ.

ಮೊದಲು ಮೈಸೂರಿನ ಕಥೆ. ಜಾವಾ ಎಂದರೆ ಜಾವಾ ದ್ವೀಪವಲ್ಲ. ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಜಾನೆಚೆಕ್ ಎಂಬ ಉದ್ಯಮಿಯೊಬ್ಬ (ಅವರ ಉಚ್ಚಾರದಲ್ಲಿ ಯಾನೆಚೆಕ್) 1929ರಲ್ಲಿ ಮೋಟಾರ್‌ಸೈಕಲು ತಯಾರಿಸಹೊರಟ. ಸ್ವಂತದ್ದೆಂಬ ಗಾಡಿ ಇರಲಿಲ್ಲ. ಜರ್ಮನಿಯ ವಾಂಡರರ್ ಕಂಪೆನಿಯಿಂದ ಗಾಡಿಯ ಹಕ್ಕು ಕೊಂಡ. ತನ್ನ ಹೆಸರಿನ 'ಜಾ', ಅವರ ಹೆಸರಿನ 'ವಾ' ಸೇರಿಸಿ ಜಾವಾ ಎಂದ. ಇಂದು ಯಾವುದನ್ನು ಪರಂಪರೆಯೆಂದು ಪೂಜಿಸುತ್ತಾರೋ ಅದು ಹುಟ್ಟಿದ ದಿನವೇ ಅರ್ಧ ಎರವಲಿನದು. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ; ಮುಂದೆ ಬೇಕಾಗುತ್ತದೆ.

ನಮ್ಮ ಈ ಮುಂಬಯಿಯಲ್ಲೇ ರುಸ್ತುಂ ಇರಾನಿಯವರ ಐಡಿಯಲ್ ಮೋಟಾರ್ಸ್ ಈ ಗಾಡಿಗಳನ್ನು ತರಿಸಿ ಮಾರುತ್ತಿತ್ತು. (ಇರಾನಿ ಎಂದೊಡನೆ ನಮ್ಮವರಿಗೆ ಮೂಲೆಯ ಚಹಾದಂಗಡಿಯೇ ನೆನಪಾಗುವುದು, ಈ ಇರಾನಿಗಳು ಚಹಾ ಬಿಟ್ಟು ಚಕ್ರ ಹಿಡಿದವರು.) ಹೊರದೇಶದ ಸಾಮಾನಿಗೆ ಸರಕಾರ ಬಿಗಿ ಹಾಕಿದ ಕಾಲ ಅದು. ಇಲ್ಲಿಯೇ ತಯಾರಿಸಬೇಕಾಯಿತು. 1960ರಲ್ಲಿ ಐಡಿಯಲ್ ಜಾವಾ ಕಂಪೆನಿ ಹುಟ್ಟಿತು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ರುಸ್ತುಂ ಅವರ ಜೊತೆ ಫರೂಕ್ ಇರಾನಿಯವರು ಕಾರ್ಖಾನೆಯನ್ನು ನಡೆಸಿದರು. ಊರ ಹುಡುಗರು ಲೇತು ಹಿಡಿಯಲು, ಬೆಸುಗೆ ಹಾಕಲು, ಕ್ರ್ಯಾಂಕು ಕೂಡಿಸಲು ಕಲಿತರು. ಚೆಕ್ ಕಂಪೆನಿಯ ಪರವಾನಗಿಯ ಕಾಲ ಮುಗಿದ ಮೇಲೆ 1973ರಿಂದ ಗಾಡಿಗೆ ಯೆಜ್ಡಿ ಎಂಬ ಸ್ವಂತ ಹೆಸರು ಬಂದಿತು. ಇರಾನಿಗಳ ಪೂರ್ವಿಕರ ನಾಡಾದ ಇರಾನಿನಲ್ಲಿ ಯಜ್ದ್ ಎಂಬ ಪಟ್ಟಣವಿದೆ, ಹೆಸರು ಅಲ್ಲಿಯದು. ಚೆಕ್ ಗಾಡಿ, ಪಾರಸಿ ಹೆಸರು, ಮೈಸೂರಿನ ಕೈ!

ಆ ಗಾಡಿಯ ವಿಶೇಷವೇನು? ಒಂದೇ ಸಿಲಿಂಡರು, ಅದಕ್ಕೆ ಎರಡು ಹೊಗೆಬಾಯಿ, ಎರಡು ಸೈಲೆನ್ಸರು. ಸಿಲಿಂಡರಿನ ಅಳತೆ 248.5 ಸಿಸಿ. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ತಿರುಗಿಸಿಕೊಂಡರೆ ಅದೇ ಗೇರಿನ ಕಡ್ಡಿ. ಗೇರು ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಟೂ ಇತ್ತು. ಹಾಗೂ ಅದು ಟೂ ಸ್ಟ್ರೋಕ್ ಎಂಜಿನು. ಈ ಕೊನೆಯ ಮಾತಿನಲ್ಲೇ ಕಥೆಯ ಗಂಟು ಇರುವುದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಎಂಜಿನಿಗೆ ನಾಲ್ಕು ಕೆಲಸ: ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದು, ಒತ್ತುವುದು, ಕಿಡಿ ಹತ್ತಿಸಿ ಉರಿಸುವುದು, ಹೊಗೆ ಹೊರಹಾಕುವುದು. ಫೋರ್ ಸ್ಟ್ರೋಕಿನಲ್ಲಿ ಪಿಸ್ಟನ್ನು ನಾಲ್ಕು ಸಲ ಮೇಲೆ ಕೆಳಗೆ ಓಡಾಡಿ, ಕವಾಟಗಳು ತೆರೆದು ಮುಚ್ಚಿ, ಒಂದೊಂದಾಗಿ ಈ ಕೆಲಸ ಮುಗಿಸುತ್ತದೆ. ಟೂ ಸ್ಟ್ರೋಕು ಅದನ್ನೇ ಎರಡು ಓಟದಲ್ಲಿ ಮುಗಿಸುತ್ತದೆ. ಕವಾಟವಿಲ್ಲ, ಸಾಮಾನು ಕಡಿಮೆ, ರಿಪೇರಿ ಸುಲಭ, ಎಳೆತ ಜೋರು. ಆದರೆ ಅವಸರದ ಅಡಿಗೆಯಲ್ಲಿ ಚೆಲ್ಲುವುದು ಹೆಚ್ಚು. ಹೊಗೆ ಹೋಗುವ ಹೊತ್ತಿಗೇ ಹೊಸ ಪೆಟ್ರೋಲು ಒಳಗೆ ನುಗ್ಗುವುದರಿಂದ ಅದರಲ್ಲೊಂದು ಪಾಲು ಉರಿಯದೆಯೇ ಹೊರಗೆ ಓಡಿಬಿಡುತ್ತದೆ. ಮೇಲಾಗಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಕಲಸಿ ಹಾಕಬೇಕು. ಅದೂ ಉರಿದು ನೀಲಿ ಹೊಗೆಯಾಗಿ ಬರುತ್ತದೆ. ಯೆಜ್ಡಿಯ ಹಿಂದೆ ಸೈಕಲು ತುಳಿದವರಿಗೆ ಆ ವಾಸನೆ ಇನ್ನೂ ಮೂಗಿನಲ್ಲಿರಬೇಕು.

ಎಂಬತ್ತರ ದಶಕದಲ್ಲಿ ಜಪಾನಿನ ಕಂಪೆನಿಗಳು ನಮ್ಮವರ ಕೈ ಹಿಡಿದು ಬಂದವು. 1984ರಲ್ಲಿ ಹೊಸೂರಿನಿಂದ ಸುಝುಕಿಯ ಗಾಡಿ, 1985ರಲ್ಲಿ ಹೀರೋ ಹೋಂಡಾದ ಸಿಡಿ 100, ಅದೇ ವರ್ಷ ಯಮಹಾದ ಆರ್‌ಎಕ್ಸ್ 100. ಹೀರೋ ಹೋಂಡಾದ್ದು ಫೋರ್ ಸ್ಟ್ರೋಕು. ಪೆಟ್ರೋಲು ಹಾಕಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎಂದು ಅವರು ಸಾರಿದರು. ತಿಂಗಳ ಸಂಬಳದಲ್ಲಿ ಪೆಟ್ರೋಲಿಗೆ ಲೆಕ್ಕ ಹಾಕುವ ಗುಮಾಸ್ತ ಯಾವುದನ್ನು ಕೊಂಡಾನು? ಜೊತೆಗೆ ಸರಕಾರದ ಹೊಗೆಯ ಕಟ್ಟಳೆ ಬಂದಿತು: 1991ರಲ್ಲಿ ಮೊದಲ ಸಲ, 1996ರಲ್ಲಿ ಇನ್ನೂ ಬಿಗಿ. ಒಂದು ಕಿಲೋಮೀಟರು ಓಡಿದರೆ ಇಂಗಾಲದ ಮಾನಾಕ್ಸೈಡು 4.5 ಗ್ರಾಂ ಮೀರಬಾರದು ಎಂದಿದ್ದುದು 2000ದಲ್ಲಿ 2 ಗ್ರಾಂಗೆ ಇಳಿಯಿತು. ಮೈಸೂರಿನ ಕಾರ್ಖಾನೆ 1983ರಲ್ಲಿ ಎರಡು ಸಿಲಿಂಡರಿನ 350 ತಂದಿತು, ಸಣ್ಣ ಗಾಡಿಗಳನ್ನೂ ಮಾಡಿ ನೋಡಿತು. ಎಲ್ಲವೂ ಟೂ ಸ್ಟ್ರೋಕೇ. 1978ರಿಂದ ಬರುತ್ತಿದ್ದ ರೋಡ್‌ಕಿಂಗ್ ಒಂದೇ ಕೊನೆಯವರೆಗೆ ಜನರ ಮನಸ್ಸು ಹಿಡಿದಿತ್ತು. 1996ರಲ್ಲಿ ತಯಾರಿಕೆ ನಿಂತಿತು. ಯಮಹಾ ತನ್ನ ಆರ್‌ಎಕ್ಸ್ 100 ಅನ್ನು ನಿಲ್ಲಿಸಿದ್ದೂ ಅದೇ ವರ್ಷ. ಆದರೆ ಯಮಹಾದ ಬಳಿ ಮುಂದಿನ ಎಂಜಿನು ಸಿದ್ಧವಿತ್ತು, ಮೈಸೂರಿನ ಬಳಿ ಇರಲಿಲ್ಲ.

ಕಾರ್ಮಿಕರ ತಕರಾರಿನಿಂದ ಕಾರ್ಖಾನೆ ಮುಚ್ಚಿತೆಂದು ಹೇಳುವವರಿದ್ದಾರೆ. ತಕರಾರು ಇರಲಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಮೂವತ್ತು ವರ್ಷ ಒಂದೇ ಬಗೆಯ ಎಂಜಿನನ್ನು ಎರಕ ಹೊಯ್ಯಬೇಕೆಂದು ಯಾವ ಯೂನಿಯನ್ನಿನ ಬೇಡಿಕೆಯ ಪಟ್ಟಿಯಲ್ಲಿಯೂ ಇರುವುದಿಲ್ಲ. ಅದು ಮೇಲಿನ ಕೋಣೆಯಲ್ಲಿ ಆಗುವ ತೀರ್ಮಾನ. ಮುಂಬಯಿಯ ಗಿರಣಿಗಳಲ್ಲಿ ಹಳೆಯ ಮಗ್ಗಗಳನ್ನೇ ಓಡಿಸಿ ಓಡಿಸಿ ಕಡೆಗೆ ಬಾಗಿಲು ಹಾಕಿದಾಗ ದೂರೆಲ್ಲ 1982ರ ಮುಷ್ಕರದ ತಲೆಗೆ ಕಟ್ಟಿದ್ದನ್ನು ತಾವು ಕಣ್ಣಾರೆ ಕಂಡವರು.

ಇನ್ನು ಮದರಾಸಿನ ಕಥೆ. ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನ ರೆಡಿಚ್ ಎಂಬ ಊರಿನದು. ಬುಲೆಟ್ ಎಂಬ ಹೆಸರು 1932ರಷ್ಟು ಹಳೆಯದು. 1955ರಲ್ಲಿ ಮದರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಆಯಿತು, ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ. ಇಂಗ್ಲೆಂಡಿನ ಕಂಪೆನಿ 1970ರ ಸುಮಾರಿಗೆ ಕಣ್ಣುಮುಚ್ಚಿತು, ಮದರಾಸಿನದು ಬದುಕಿತು. ಬುಲೆಟ್ ಫೋರ್ ಸ್ಟ್ರೋಕು. ಸಿಲಿಂಡರಿನ ಅಗಲ 70 ಮಿಲಿಮೀಟರು, ಪಿಸ್ಟನ್ನಿನ ಓಟ 90. ಓಟ ಉದ್ದ, ತಿರುಗುಚಕ್ರ ಭಾರ, ವೇಗ ನಿಧಾನ. ಆದುದರಿಂದಲೇ ಒಂದೊಂದು ಹೊಡೆತವೂ ಎಣಿಸುವ ಹಾಗೆ ಡುಗ್ ಡುಗ್ ಎಂದು ಕೇಳುತ್ತಿತ್ತು. ಎರಕದ ಕಬ್ಬಿಣದ ಸಿಲಿಂಡರು, ಬೇರೆಯೇ ಆದ ಗೇರುಪೆಟ್ಟಿಗೆ, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಎಣ್ಣೆ ಒಸರದ ಬುಲೆಟ್ ಎಂದರೆ ಎಣ್ಣೆಯೇ ಇಲ್ಲದ ಬುಲೆಟ್ ಎಂದು ಅದರ ಭಕ್ತರೇ ನಗೆಯಾಡುತ್ತಿದ್ದರು.

1994ರಲ್ಲಿ ಐಷರ್ ಕಂಪೆನಿ ಇದನ್ನು ಪೂರ್ತಿ ವಹಿಸಿಕೊಂಡಿತು. 2000ದ ಸುಮಾರಿಗೆ ಮುಚ್ಚುವ ಮಾತೂ ಬಂದಿತ್ತು. ಮುಚ್ಚಲಿಲ್ಲ, ಎಂಜಿನನ್ನು ಹಂತ ಹಂತವಾಗಿ ಬದಲಿಸಿದರು. ಮೊದಲು ಆಸ್ಟ್ರಿಯದ ಎವಿಎಲ್ ಸಂಸ್ಥೆಯ ನೆರವಿನಿಂದ ಅಲ್ಯುಮಿನಿಯಮ್ ಎಂಜಿನು. 2008–09ರ ಹೊತ್ತಿಗೆ ಗೇರುಪೆಟ್ಟಿಗೆಯನ್ನೂ ಒಡಲೊಳಗೆ ಸೇರಿಸಿಕೊಂಡ ಇನ್ನೊಂದು ಎಂಜಿನು. ಗೇರು ಎಡಗಾಲಿಗೆ ಬಂದಿತು. 2010ರ ಹೊಗೆಯ ಕಟ್ಟಳೆಯೊಡನೆ ಎರಕದ ಕಬ್ಬಿಣದ ಎಂಜಿನು ಇತಿಹಾಸ ಸೇರಿತು. ಹಳೆಯ ಭಕ್ತರು ಬೊಬ್ಬೆ ಹಾಕಿದರು, ಧ್ವನಿ ಸತ್ತಿತೆಂದು. 2020ರಲ್ಲಿ ಮತ್ತೊಮ್ಮೆ ಪೂರಾ ಹೊಸದು: ಅಗಲ 72, ಓಟ 85.8, ನಡುಕ ತಗ್ಗಿಸಲು ಸಮತೂಕದ ದಂಡ, ಕವಾಟ ಎತ್ತುವ ಕ್ಯಾಮು ಮೇಲ್ಗಡೆಗೆ. ಈ ಅಳತೆಯನ್ನು ಗಮನಿಸಿ. ಬೇಕಿದ್ದರೆ ಜಪಾನಿನವರ ಹಾಗೆ ಅಗಲ ಹೆಚ್ಚು, ಓಟ ಗಿಡ್ಡ ಮಾಡಿ ಇನ್ನೂ ಜೋರಾದ ಎಂಜಿನು ಮಾಡಬಹುದಿತ್ತು. ಮಾಡಲಿಲ್ಲ. ಗಿರಾಕಿ ಕೊಳ್ಳುವುದು ಆ ನಿಧಾನದ ಬಡಿತವನ್ನು ಎಂದು ತಿಳಿದು, ಓಟವನ್ನು ಉದ್ದವಾಗಿಯೇ ಇಟ್ಟು ಸುತ್ತಲಿನದೆಲ್ಲವನ್ನೂ ಬದಲಿಸಿದರು. 2023ರಲ್ಲಿ ಬುಲೆಟ್ಟಿಗೂ ಇದೇ ಎಂಜಿನು ಬಂದಿತು. 2024–25ರ ಒಂದೇ ವರ್ಷದಲ್ಲಿ ಈ ಕಂಪೆನಿ 10 ಲಕ್ಷಕ್ಕೂ ಮಿಕ್ಕಿ ಗಾಡಿ ಮಾರಿತು. ಅಲ್ಲಿ ಎಲ್ಲವೂ ಹಾಲುಜೇನೆಂದು ಭಾವಿಸಬೇಡಿ. 2018ರಲ್ಲಿ ಒರಗಡಂ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆದರೆ ಮುಷ್ಕರ ಹೂಡುವುದಕ್ಕಾದರೂ ಒಂದು ಕಾರ್ಖಾನೆ ನಿಂತಿರಬೇಕಷ್ಟೆ.

ಈಗ ಹೋಟೆಲಿನ ಸೋದರರಿಗೆ ಒಂದು ಮಾತು. ರುಬ್ಬುವ ಕಲ್ಲು ಹೋಗಿ ಕರೆಂಟಿನ ಗ್ರೈಂಡರು ಬಂದ ದಿನಗಳನ್ನು ಹಿರಿಯರು ಬಲ್ಲರು. "ಭಟ್ರೇ, ದೋಸೆಯಲ್ಲಿ ಮೊದಲಿನ ರುಚಿ ಇಲ್ಲ ಮಾರಾಯ್ರೇ" ಎಂದು ಗಿರಾಕಿಗಳು ಕೆಲವು ದಿನ ಅಂದರು. ಭಟ್ಟರು ಅಕ್ಕಿ ಉದ್ದಿನ ಹದ ಸ್ವಲ್ಪ ಬದಲಿಸಿದರು, ನೆನೆಯುವ ಹೊತ್ತು ಬದಲಿಸಿದರು, ರುಚಿ ಮರಳಿತು. ಬೋರ್ಡಿನ ಮೇಲಿನ ಹೆಸರು ಅದೇ. ಮೋಟಾರ್‌ಸೈಕಲಿನವರು ಮಾಡುವುದೂ ಇದನ್ನೇ. ಆದರೆ ರಾತ್ರಿ ಎರಡು ಗಂಟೆಯವರೆಗೆ ಕಲ್ಲು ತಿರುಗಿಸುತ್ತಿದ್ದ ಹುಡುಗ ಎಲ್ಲಿ ಹೋದನೆಂದು ಮಾತ್ರ ಯಾವ ಗಿರಾಕಿಯೂ ಕೇಳಿದಂತಿಲ್ಲ. ಗ್ರೈಂಡರು ಬಂದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆ ಹುಡುಗನ ತೋಳು ನೋವು ನಮಗೆ ಗೊತ್ತು. ಅವನಿಗೆ ಗ್ರೈಂಡರಿನ ಕೆಲಸ ಕಲಿಸಿದರೋ, ಊರಿಗೆ ಬಸ್ಸು ಹತ್ತಿಸಿದರೋ ಎಂಬುದಷ್ಟೇ ನಮ್ಮ ಪ್ರಶ್ನೆ.

ಕಾರ್ಮಿಕರೇ ಹಳೆಯ ಹೆಸರನ್ನು ಉಳಿಸಿಕೊಂಡದ್ದೂ ಒಂದುಂಟು. ಇಂಗ್ಲೆಂಡಿನ ಮೆರಿಡನ್ ಎಂಬಲ್ಲಿ ಟ್ರಯಂಫ್ ಕಾರ್ಖಾನೆ. 1969ರಲ್ಲಿ ಹೋಂಡಾ ನಾಲ್ಕು ಸಿಲಿಂಡರಿನ, ಗುಂಡಿ ಒತ್ತಿದರೆ ಹೊರಡುವ 750 ತಂದ ಮೇಲೆ ಬ್ರಿಟಿಷ್ ಗಾಡಿಗಳ ಕಾಲು ಕುಸಿಯಿತು. 1973ರಲ್ಲಿ ಆಡಳಿತದವರು ಮೆರಿಡನ್ ಮುಚ್ಚುತ್ತೇವೆಂದರು. ಕೆಲಸಗಾರರು ಬಾಗಿಲಿಗೆ ಅಡ್ಡ ಕುಳಿತರು. ಯಂತ್ರಗಳನ್ನು ಹೊರಗೆ ಸಾಗಿಸಗೊಡಲಿಲ್ಲ. ಮಂತ್ರಿ ಟೋನಿ ಬೆನ್ ಅವರ ಬೆಂಬಲದಿಂದ ಸರಕಾರದ ಸಾಲ ಪಡೆದು 1975ರಲ್ಲಿ ಕಾರ್ಮಿಕರ ಸಹಕಾರಿ ಸಂಘವೇ ಕಾರ್ಖಾನೆಯನ್ನು ನಡೆಸತೊಡಗಿತು. ಮೊದಮೊದಲು ಎಲ್ಲರಿಗೂ ಒಂದೇ ಸಂಬಳ! ಇದನ್ನು ಓದಿದಾಗ ನಮ್ಮ ಎದೆಯುಬ್ಬಿತು. ಆದರೆ ಮುಂದಿನದನ್ನೂ ಓದಬೇಕಲ್ಲ. ಅವರು ಮಾಡುತ್ತಿದ್ದುದು ಅದೇ ಹಳೆಯ ಬಾನವಿಲ್. ಹೊಸ ಎಂಜಿನು ಎಂದರೆ ಹೊಸ ಅಚ್ಚು, ಹೊಸ ಯಂತ್ರ, ವರ್ಷಗಟ್ಟಲೆ ಪರೀಕ್ಷೆ. ಅದಕ್ಕೆ ಬೇಕಾದ ಹಣ ಸಂಘದ ಕೈಯಲ್ಲಿರಲಿಲ್ಲ. ಕೈ ಉಳಿಯಿತು, ಹೆಸರು ಉಳಿಯಿತು, ಎಂಜಿನು ಹೊಸದಾಗಲಿಲ್ಲ. 1983ರಲ್ಲಿ ಮುಚ್ಚಿತು. ಆ ಹೆಸರನ್ನು ಕೊಂಡ ಜಾನ್ ಬ್ಲೂರ್ ಎಂಬ ಕಂಟ್ರಾಕ್ಟರು ಹಿಂಕ್ಲಿ ಎಂಬ ಬೇರೆ ಊರಿನಲ್ಲಿ ಕಾರ್ಖಾನೆ ಕಟ್ಟಿ 1991ರಿಂದ ಹೊಸ ಎಂಜಿನಿನ ಗಾಡಿ ಮಾಡಿದ.

ಆ ಹಿಂಕ್ಲಿಯವರ ಒಂದು ಜಾಣತನ ಕೇಳಿ. ಕಾರ್ಬ್ಯುರೇಟರು ತೆಗೆದು ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕಿದಾಗ, ಬಾನವಿಲ್ಲಿನಲ್ಲಿ ಅದರ ಹೊರಮೈಯನ್ನು ಕಾರ್ಬ್ಯುರೇಟರಿನ ಆಕಾರದಲ್ಲಿಯೇ ಮಾಡಿದರು. 2016ರಲ್ಲಿ ನೀರಿನಿಂದ ತಣಿಯುವ ಎಂಜಿನು ಬಂದ ಮೇಲೂ ಸಿಲಿಂಡರಿಗೆ ಗಾಳಿಯ ರೆಕ್ಕೆಗಳನ್ನು ಬಿಡಲಿಲ್ಲ. ಅಮೆರಿಕದ ಹಾರ್ಲೆಯವರಂತೂ ತಮ್ಮ ಎಂಜಿನಿನ ಸದ್ದನ್ನೇ ತಮ್ಮ ಗುರುತೆಂದು ನೋಂದಾಯಿಸಬೇಕೆಂದು 1994ರಲ್ಲಿ ಅರ್ಜಿ ಹಾಕಿ, 2000ದಲ್ಲಿ ಹಿಂದೆಗೆದುಕೊಂಡರು. ಸದ್ದಿಗೂ ಸರಕಿನ ಬೆಲೆ!

ಮೈಸೂರಿನ ಗಾಡಿ ಮರಳಿದ್ದೂ ಹೀಗೆಯೇ. ಮಹೀಂದ್ರ ಬಂಡವಾಳ ಹೂಡಿದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪೆನಿ 2018ರ ನವೆಂಬರಿನಲ್ಲಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರು ಅದರ ಸ್ಥಾಪಕರಲ್ಲೊಬ್ಬರು. 293 ಸಿಸಿ, ಫೋರ್ ಸ್ಟ್ರೋಕು, ನೀರಿನಿಂದ ತಣಿಯುವುದು, 27 ಅಶ್ವಶಕ್ತಿಯೆಂದು ಸಾರಿದರು. ಟ್ಯಾಂಕಿನ ದುಂಡು ಅದೇ, ಕೆಂಗಂದು ಬಣ್ಣ ಅದೇ, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು ಎಂಬ ಹಳೆಯ ಶೋಕಿಯೂ ಅದೇ. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ 334 ಸಿಸಿಯ ಎಂಜಿನಿನೊಡನೆ ಬಂದಿತು. ಯಂತ್ರ ಒಳ್ಳೆಯದೇ ಎಂದು ಸವಾರರು ಹೇಳುತ್ತಾರೆ. ಆದರೆ ತಯಾರಾಗುವುದು ಯಾದವಗಿರಿಯಲ್ಲಲ್ಲ, ಮಧ್ಯಪ್ರದೇಶದ ಪಿಥಂಪುರದಲ್ಲಿ. ಅಲ್ಲಿ ದುಡಿಯುವವರೂ ನಮ್ಮ ಬಂಧುಗಳೇ. ಅವರ ಅನ್ನಕ್ಕೆ ನಾವು ಕರುಬುವುದಿಲ್ಲ. ಆದರೂ ಜಾಹೀರಾತಿನಲ್ಲಿ ಮೈಸೂರಿನ ನೆನಪು ತುಂಬ ಸಿಹಿಯಾಗಿ ಕಾಣುವಾಗ, ಆ ನೆನಪನ್ನು ದುಡಿದು ಮಾಡಿದವರಿಗೆ ಅದರಲ್ಲಿ ಪಾಲೆಷ್ಟು ಎಂದು ಕೇಳಬೇಕೆನ್ನಿಸುತ್ತದೆ.

ಕೇಳಿದವರು ಒಬ್ಬರಿದ್ದರು. ಐಡಿಯಲ್ ಜಾವಾ ಕಂಪೆನಿಯನ್ನು ವಿಸರ್ಜಿಸಲು ಹೈಕೋರ್ಟು 2001ರಲ್ಲಿ ಆಜ್ಞೆ ಮಾಡಿತ್ತು. ಆಮೇಲೆ ಕಂಪೆನಿಯ ಆಸ್ತಿಯೆಲ್ಲ ಕೋರ್ಟಿನ ಅಧಿಕಾರಿಯ ವಶಕ್ಕೆ. ಯೆಜ್ಡಿ ಎಂಬ ಹೆಸರೂ ಮುಳುಗಿದ ಕಂಪೆನಿಯ ಆಸ್ತಿಯೇ ಎಂದು ಆ ಅಧಿಕಾರಿಯ ಪರವಾಗಿ ವಾದವಾಯಿತು. ಇದರಲ್ಲಿ ನಮಗೇನು ಎನ್ನಬೇಡಿ. 1985ರಲ್ಲಿ ಕಂಪೆನಿ ಕಾನೂನಿಗೆ ತಂದ ತಿದ್ದುಪಡಿಯಂತೆ, ಮುಳುಗಿದ ಕಂಪೆನಿಯ ಆಸ್ತಿಯಿಂದ ಬರುವ ಹಣದಲ್ಲಿ ಕಾರ್ಮಿಕರ ಬಾಕಿಗೆ ಅಡವು ಪಡೆದ ಬ್ಯಾಂಕಿನ ಬಾಕಿಯೊಡನೆ ಸರಿಸಾಟಿ ಸ್ಥಾನ ಸಿಕ್ಕಿತ್ತು. ಲೇತು, ಅಚ್ಚು, ನೆಲ ಇವು ಮಾತ್ರ ಆಸ್ತಿಯೋ, ಹೆಸರೂ ಆಸ್ತಿಯೋ ಎಂಬುದು ಹಾಗಾಗಿ ಬರಿಯ ವಕೀಲರ ಮಾತಲ್ಲ. 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಹೆಸರು ಹಳೆಯ ಕಂಪೆನಿಯದೇ ಎಂದಿತು. ಮೇಲ್ಮನವಿಯಾಯಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಮಾಡಿ ಹೊಸ ಕಂಪೆನಿಯ ಪರವಾಗಿ ಹೇಳಿತು. ವರ್ಷಾನುಗಟ್ಟಲೆ ಬಳಸದೆ, ನೋಂದಣಿಯನ್ನೂ ನವೀಕರಿಸದೆ ಬಿಟ್ಟ ಹೆಸರಿನ ಪ್ರಶ್ನೆ ಅದು. ತೀರ್ಪಿನ ಕಾನೂನನ್ನು ನಾವು ಅಳೆಯಬಲ್ಲವರಲ್ಲ. ಒಂದನ್ನು ಮಾತ್ರ ಗುರುತು ಹಾಕಿಕೊಂಡಿದ್ದೇವೆ: ಗುಜರಿಗೆ ಹೋದ ಲೇತಿಗಿಂತ ಟ್ಯಾಂಕಿನ ಮೇಲಿನ ಹೆಸರಿಗಾಗಿ ಹೆಚ್ಚಿನ ಜಗಳವಾಯಿತು. ಲೋವರ್ ಪರೇಲಿನಲ್ಲಿ ಫಿನಿಕ್ಸ್ ಗಿರಣಿಯ ಹೆಸರು ಮಾಲಿನ ಬಾಗಿಲ ಮೇಲೆ ಹೊಳೆಯುವುದನ್ನು ದಿನವೂ ನೋಡುವ ನಮಗೆ ಇದು ಹೊಸತಲ್ಲ.

ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾ ಯೆಜ್ಡಿಗಳ ಮೆರವಣಿಗೆ ನಡೆಯುತ್ತದೆ. ಒರೆಸಿ ಹೊಳಪಿಟ್ಟ ಗಾಡಿಗಳು, ನೀಲಿ ಹೊಗೆ. ಆ ಯಂತ್ರಗಳು ಇಷ್ಟು ವರ್ಷ ಓಡುತ್ತಿರುವುದು ಕಂಪೆನಿಯ ಬಿಡಿಭಾಗದಿಂದಲ್ಲ. ಬೀದಿಬದಿಯಲ್ಲಿ ಕುಳಿತು ಲೇತಿನ ಮೇಲೆ ಬುಷ್ಷು ಕಡೆದು ಕೊಡುವವರಿಂದ, ಇಬ್ರಾಹಿಂಪಟ್ನಂನ ಆ ಅಂಗಡಿಯವನಂಥವರಿಂದ. ಜಾನೆಚೆಕ್ ಎರವಲು ಗಾಡಿಯಿಂದ ಶುರುಮಾಡಿ ಹೆಸರು ಗಳಿಸಿದ. ಈ ಮಂದಿ ಇನ್ನೊಬ್ಬರ ಹೆಸರಿನ ಗಾಡಿಗೆ ತಮ್ಮ ಕೈಯನ್ನು ಎರವಲು ಕೊಟ್ಟಿದ್ದಾರೆ.

ಈಗ ಬ್ಯಾಟರಿಯ ಗಾಡಿಯ ಸರದಿ. ಎನ್‌ಫೀಲ್ಡಿನವರು 2024ರ ನವೆಂಬರಿನಲ್ಲಿ ಮಿಲಾನಿನಲ್ಲಿ ಒಂದನ್ನು ತೋರಿಸಿದರು. ಅದಕ್ಕೆ ಫ್ಲೈಯಿಂಗ್ ಫ್ಲೀ ಎಂಬ ಹೆಸರು, ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಶೂಟಿಗೆ ಕಟ್ಟಿ ಇಳಿಸುತ್ತಿದ್ದ ಅವರ ಸಣ್ಣ ಗಾಡಿಯದೇ. ಅದರಲ್ಲಿ ಪಿಸ್ಟನ್ನಿಲ್ಲ, ಕವಾಟವಿಲ್ಲ, ಹೊಗೆಯಿಲ್ಲ, ಡುಗ್ ಡುಗ್ ಸದ್ದೂ ಇಲ್ಲ. ಪಿಸ್ಟನ್ನು ಕಡೆಯುವವನು, ಕ್ರ್ಯಾಂಕು ಒತ್ತುವವನು, ಗೇರು ಹದಮಾಡುವವನು ಯಾವ ಕೆಲಸ ಕಲಿಯಬೇಕೆಂಬುದನ್ನು ಹೊಸೂರು, ಒರಗಡಂ, ಮೈಸೂರಿನ ಕಾರ್ಖಾನೆಗಳ ಯೂನಿಯನ್ನುಗಳು ಈಗಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಮೆರಿಡನ್ನಿನವರು ಹೊಸ ಎಂಜಿನಿನ ವಿಷಯ ಕೇಳುವ ಹೊತ್ತಿಗೆ ಹತ್ತು ವರ್ಷ ತಡವಾಗಿತ್ತು.

ಮಾತು ಉದ್ದವಾಯಿತು. ರಾತ್ರಿ ಪಾಳಿಯ ಸೋದರರು ಹೊರಡಬೇಕಾಗಿದೆ. ಉಳಿದವರು ಪ್ರಶ್ನೆಗಳಿದ್ದರೆ ಕೇಳಬಹುದು. ಟೂ ಸ್ಟ್ರೋಕಿನ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಲು ಸೀಮೆಸುಣ್ಣವನ್ನೂ ತಂದಿದ್ದೇವೆ.